ಕೊನೆಯ ಗೋಷ್ಠಿಯ ಅಧ್ಯಕ್ಷರು

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕೆಂಪಗಿರುತ್ತಿತ್ತು. ಮದರಂಗಿಯದಲ್ಲ, ಎಲೆ ಅಡಿಕೆಯದೂ ಅಲ್ಲ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು. ಬೆಳಿಗ್ಗೆ ಎದ್ದು ಬ್ಯಾಡಗಿ ಮಾರುಕಟ್ಟೆಯಲ್ಲಿ ಅಣ್ಣ ನಡೆಸುವ ದಲಾಲಿ ಅಂಗಡಿಗೆ ಹೋಗಿ, ರಾಶಿಯಿಂದ ಒಂದು ಕಾಯಿ ಎತ್ತಿ, ಉಗುರಿನಿಂದ ಉದ್ದಕ್ಕೆ ಸೀಳಿ, ಬೀಜ ನೋಡಿ, ಮೂಸಿ, ಏನೂ ಹೇಳದೆ ಕೆಳಗಿಡುವರು. ಆಮೇಲೆ ರಾಣೆಬೆನ್ನೂರಿಗೆ ಬಂದು ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವರು. ಅದೇ ಉಗುರಿನಿಂದ ನಮ್ಮ ಬರಹಗಳನ್ನೂ ನೋಡುವರು. ಪೆನ್ನು ಮುಟ್ಟುತ್ತಿರಲಿಲ್ಲ. ಯಾವ ಸಾಲಿನ ಮೇಲೆ ಅನುಮಾನ ಬಂತೋ ಅದರ ಕೆಳಗೆ ಉಗುರೆಳೆದು ಗೀರು ಹಾಕುವರು. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ, ತುಸು ಕೆಂಪಾದ ಗೀರು. ತೀರ ಹತ್ತಿರದಿಂದ ನೋಡಹೋದರೆ ಸೀನು ಬರುತ್ತಿತ್ತು.

ನನ್ನ ಮೊದಲ ಪ್ರಬಂಧದಲ್ಲಿ ಗೀರು ಬೀಳದ ಪುಟವೇ ಇರಲಿಲ್ಲ.

"ಇಷ್ಟೆಲ್ಲಾ ತಪ್ಪ ಏನ್ರಿ ಸರ?" ಎಂದೆ.

"ತಪ್ಪಂತ ಯಾರಂದ್ರು? ನನಗ ತಿಳೀಲಿಲ್ಲ, ಅಷ್ಟ."

"ನಿಮಗ ತಿಳೀಲಿಲ್ಲಂದ್ರ ಅದು ನನ್ನ ತಪ್ಪು ಹೆಂಗ ಆಗತೈತಿ?"

"ಖರೇ ಐತಿ," ಎಂದರು. ಎಂದು ಇನ್ನೊಂದು ಗೀರು ಎಳೆದರು.

ಇದೇ ನನ್ನ ತಲೆಬೇನೆಯ ಮೂಲ. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಎದುರಾಳಿ ಬಾಯಿ ತೆರೆದು ಎರಡು ವಾಕ್ಯ ಆಡುವುದರೊಳಗೆ ಬಿರುಕು ಎಲ್ಲಿದೆಯೆಂದು ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ಮನೆಯಲ್ಲಿ ಅಪ್ಪ ಮಳೆ ಬರುತ್ತದೆ ಎಂದರೂ ಆಧಾರ ಕೇಳಿದವಳು. ಇಂಥವಳಿಗೆ ಎದುರಾಡುವವರು ಬೇಕು. ಇವರೋ, ಎದುರಾಡುವುದೇ ಇಲ್ಲ. ನೀವು ಏನೇ ಹೇಳಿ, ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, "ಖರೇ ಐತಿ" ಎಂದು ಒಪ್ಪಿ, ಆಮೇಲೆ ತಾವು ಮೊದಲು ಅಂದುಕೊಂಡದ್ದನ್ನೇ ಮಾಡುವರು. ಗೋಡೆಗೆ ಗುದ್ದಿದರೆ ಕೈಯಾದರೂ ನೋಯುತ್ತದೆ. ಇದು ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ಅವರೊಂದಿಗಿನ ಒಂದು ವಾದದಲ್ಲೂ ನಾನು ಸೋತಿಲ್ಲ, ಒಂದು ಕೆಲಸವೂ ನನ್ನ ಮಾತಿನಂತೆ ಆಗಿಲ್ಲ.

ಆ ವರ್ಷ ಅರ್ಥಶಾಸ್ತ್ರದ ದೊಡ್ಡ ಸಮ್ಮೇಳನವೊಂದು ಹಾವೇರಿಗೆ ಬಂತು. ಮೂರು ದಿನದ್ದು. ದೇಶದ ಬೇರೆಬೇರೆ ಕಡೆಯ ಅಧ್ಯಾಪಕರು, ಸಂಶೋಧಕರು ಬರುವಂಥದ್ದು. ಮುನ್ನೂರಕ್ಕೂ ಮಿಕ್ಕಿ ಪ್ರಬಂಧಗಳು. ಊಟ, ವಸತಿ, ವೇದಿಕೆ ಬೇರೆಯವರ ಪಾಲಿಗೆ ಹೋದವು. ಯಾರು, ಯಾವಾಗ, ಯಾವ ಕೋಣೆಯಲ್ಲಿ, ಯಾರ ಅಧ್ಯಕ್ಷತೆಯಲ್ಲಿ ಓದಬೇಕು ಎಂಬ ಕಾರ್ಯಕ್ರಮ ಪಟ್ಟಿಯನ್ನು ಹೆಣೆಯುವ ಕೆಲಸ ನಮ್ಮ ವಿಭಾಗಕ್ಕೆ ಬಂತು. ಅವರು ಸಂಚಾಲಕರು. ಅತಿಥಿ ಉಪನ್ಯಾಸಕಿಯಾಗಿದ್ದ ನಾನು ಸಹಾಯಕಿ. ಅಂದಿನಿಂದ ನಾನು ಅವರ ಬಗ್ಗೆ ಯಾರಿಗೆ ದೂರು ಹೇಳುವಾಗಲೂ "ನಮ್ಮ ಸಂಚಾಲಕರು" ಎನ್ನುತ್ತಿದ್ದೆ. ಅವರು ನನ್ನನ್ನು ಮುಖದೆದುರೇ "ವಕೀಲವ್ವ" ಎನ್ನುತ್ತಿದ್ದರು.

ಆ ಸಮ್ಮೇಳನದಿಂದ ನನಗೆ ಬೇಕಾಗಿದ್ದದ್ದು ಒಂದೇ, ಮುಚ್ಚಿಡುವುದೇನು. ಪುಣೆಯ ಸಂಶೋಧನಾ ಸಂಸ್ಥೆಯೊಂದರ ಹಿರಿಯ ಪ್ರಾಧ್ಯಾಪಕಿಯೊಬ್ಬರು ದಿಕ್ಸೂಚಿ ಭಾಷಣಕ್ಕೆ ಬರುವವರಿದ್ದರು. ಹುಟ್ಟಿದ್ದು ವಿಜಯಪುರದ ಕಡೆ, ದುಡಿದದ್ದೆಲ್ಲ ಪುಣೆಯಲ್ಲಿ. ಅವರು ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ಸಂಶೋಧನೆಗೆ ತೆಗೆದುಕೊಳ್ಳುತ್ತಾರೆ, ಅದೂ ಅರ್ಜಿ ಓದಿ ಅಲ್ಲ, ಮಾತು ಕೇಳಿ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಪ್ರಬಂಧ ಬ್ಯಾಡಗಿಯ ಅಂಗಡಿಗಳಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ. ಅದನ್ನು ಅವರು ಕೇಳಬೇಕು, ಅಷ್ಟೇ. ಕೇಳಿದರೆ ಪುಣೆಗೆ ಒಂದು ದಾರಿ. ಇಲ್ಲವಾದರೆ ಮುಂದಿನ ವರ್ಷವೂ ಅತಿಥಿ ಉಪನ್ಯಾಸಕರಾಗಿ ಕರೆಯುತ್ತಾರೋ ಇಲ್ಲವೋ ಎಂದು ಜೂನ್ ತಿಂಗಳಿಡೀ ಫೋನು ನೋಡುತ್ತ ಕೂರುವುದು.

ಕೆಲಸ ಶುರುವಾದ ದಿನ ನಾನು ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದು ವಿಷಯ, ಕೋಣೆ, ಸಮಯ ಎಂದೆಲ್ಲ ಬಣ್ಣಬಣ್ಣದ ಕಾಲಂ ಮಾಡಿ ತೋರಿಸಿದೆ. "ಭಾಳ ಚಲೋ ಐತಿ," ಎಂದರು. ಮಾರನೆಯ ದಿನ ಒಂದು ಚೀಲ ಹಳೆಯ ಲಗ್ನಪತ್ರಿಕೆಗಳನ್ನು ತಂದರು. ಅವನ್ನು ಕತ್ತರಿಸಿ, ಒಂದೊಂದು ಚೂರಿನ ಬೆನ್ನಿಗೆ ಒಂದೊಂದು ಪ್ರಬಂಧದ ಹೆಸರು ನನ್ನಿಂದ ಬರೆಸಿ, ವಿಭಾಗದ ನೆಲದ ಮೇಲೆ ಗುಂಪುಗುಂಪಾಗಿ ಹರವಿದರು. ಮಾರುಕಟ್ಟೆಯಲ್ಲಿ ಚೀಲ ಸುರಿದು ರಾಶಿ ಹಾಕಿದಂತೆ. ಕೈ ಬೆನ್ನಿಗೆ ಕಟ್ಟಿಕೊಂಡು ರಾಶಿಗಳ ನಡುವೆ ಓಡಾಡುವರು, ಬಗ್ಗಿ ಒಂದು ಚೂರನ್ನು ಎತ್ತುವರು, ಇನ್ನೊಂದು ರಾಶಿಗೆ ಹಾಕುವರು. ಸಾರಾಂಶ ಓದಿ ಆಡುವ ಮಾತೂ ಹಾಗೇ. "ಇದರಾಗ ಬಣ್ಣ ಐತಿ, ಖಾರ ಇಲ್ಲ." "ಇದು ಬರೇ ಬೀಜ."

"ಸರ, ಇದೆಲ್ಲಾ ಕಂಪ್ಯೂಟರಿನ್ಯಾಗ ಒಂದು ತಾಸಿನ ಕೆಲಸ."

"ಖರೇ ಐತಿ. ಆ ಮೂಲಿ ಚೂರು ಈ ಕಡೆ ಸರಸು."

ಏಪ್ರಿಲ್ ತಿಂಗಳ ರಾಣೆಬೆನ್ನೂರು. ಚೂರು ಹಾರುತ್ತವೆಂದು ಫ್ಯಾನು ಹಚ್ಚುವಂತಿಲ್ಲ. ಬೆವರು ಸುರಿಸುತ್ತ ನೆಲದ ಮೇಲೆ ಮಂಡಿಯೂರಿ ನಾನು ನನ್ನ ಸ್ನಾತಕೋತ್ತರ ಪದವಿಯ ಬಗ್ಗೆ ಯೋಚಿಸುತ್ತಿದ್ದೆ. ಆಗ ಆಫೀಸಿನ ಅಕ್ಕ ಚಹಾ ತಂದವರು, "ಯಪ್ಪಾ, ಇಂಥಾ ಸೆಕಿಯೊಳಗ ಹೆಂಗ ಕುಂತೀರಿ?" ಎಂದು ಕರುಣೆಯಿಂದ ಗುಂಡಿ ಒತ್ತಿಬಿಟ್ಟರು. ಮುನ್ನೂರು ಪ್ರಬಂಧಗಳು ಒಮ್ಮೆಗೇ ಮೇಲೆದ್ದವು.

ನಾನು ಖುಷಿಯನ್ನು ಅಡಗಿಸಲಿಲ್ಲ. "ಎಕ್ಸೆಲ್ಲಿಗೆ ಗಾಳಿ ಹತ್ತಾಂಗಿಲ್ರಿ ಸರ!"

ಅವರು ಸಿಟ್ಟಾಗಲಿಲ್ಲ. ಕೆಳಗೆ ಬಿದ್ದದ್ದನ್ನು ನೋಡುತ್ತ ನಿಂತರು. ಕುರಿ ಸಂತೆಯ ದಲ್ಲಾಳಿಗಳ ಮೇಲಿನ ಪ್ರಬಂಧವೂ ಮೊಬೈಲಿನಲ್ಲಿ ಸಾಮಾನು ಮಾರುವ ಕಂಪನಿಗಳ ಮೇಲಿನ ಪ್ರಬಂಧವೂ ಪಕ್ಕಪಕ್ಕದಲ್ಲಿ ಬಿದ್ದಿದ್ದವು. "ಇವೆರಡೂ ಹಿಂಗ ಇರಲಿ," ಎಂದರು. ಯಾವ ತರ್ಕ ಇದು ಎಂದು ನಾನು ಕೂಗಾಡಿದೆ. ಮುಂದೆ ಸಮ್ಮೇಳನದಲ್ಲಿ ಆ ಇಬ್ಬರು ಲೇಖಕರು ವೇದಿಕೆಯ ಮೇಲೆಯೇ ಒಬ್ಬರಿಗೊಬ್ಬರು ಬೆರಳು ತೋರಿಸಿ ಜಗಳಾಡಿದರು, ಕೋಣೆ ತುಂಬ ಜನ ನೆರೆದರು. ಸಂಚಾಲಕರು ಬಾಗಿಲಲ್ಲಿ ನಿಂತು ಕೇಳಿ ಸಂತೋಷಪಟ್ಟರು. ಅದನ್ನು ಫ್ಯಾನಿನ ಪುಣ್ಯ ಎನ್ನಬೇಕೋ ಅವರ ಜಾಣತನ ಎನ್ನಬೇಕೋ ಎಂದು ಯಾರೂ ನನ್ನನ್ನು ಕೇಳಬಾರದು.

ಇನ್ನೊಂದು ತಲೆಬೇನೆ ಆಹ್ವಾನ ಪತ್ರಿಕೆ. ನಮ್ಮ ಕಡೆ ಯಾವ ಸಮಾರಂಭದ ಪತ್ರಿಕೆಯನ್ನಾದರೂ ನೋಡಿ. ಸಾನ್ನಿಧ್ಯ ಒಬ್ಬರದು, ಉದ್ಘಾಟನೆ ಇನ್ನೊಬ್ಬರದು, ಅಧ್ಯಕ್ಷತೆ ಮತ್ತೊಬ್ಬರದು. ಅದಾದ ಮೇಲೆ 'ಘನ ಉಪಸ್ಥಿತಿ' ಎಂಬ ತಲೆಬರಹ, ಅದರಡಿ ಊರಿಗೆ ಊರೇ. ಇವರಿಗೆ ಫೋನು ಬಂದರೆ ಸಾಕು, "ಆತ್ರಿ, ಹಾಕೋಣು" ಎನ್ನುವರು. ಒಬ್ಬರಿಗೂ ಇಲ್ಲ ಎನ್ನಲಿಲ್ಲ.

"ಸರ, ಇಷ್ಟು ಮಂದಿ ಎರಡೆರಡು ಮಾತಾಡಿದ್ರೂ ಮಧ್ಯಾಹ್ನ ಆಗತೈತಿ. ಉದ್ಘಾಟನೀನ ಬಿಟ್ಟುಬಿಡೋಣು. ಪ್ರಬಂಧ ಓದಾಕ ದೀಪಾ ಯಾಕ ಬೇಕು?"

"ಖರೇ ಐತಿ," ಎಂದರು. ಮತ್ತೆರಡು ಹೆಸರು ಸೇರಿದವು.

ನಾನು ಮಾಡಿದ ಕರಡಿನಲ್ಲಿ ನನ್ನ ಪ್ರಬಂಧ ಮೊದಲ ದಿನ, ದಿಕ್ಸೂಚಿ ಭಾಷಣವಾದ ಕೂಡಲೇ ನಡೆಯುವ ಮೊದಲ ಗೋಷ್ಠಿಯಲ್ಲಿ, ದೊಡ್ಡ ಸಭಾಂಗಣದಲ್ಲಿತ್ತು. ನನಗೆ ನಾನೇ ಉಪಕಾರ ಮಾಡಿಕೊಂಡದ್ದಲ್ಲ. ಪ್ರಬಂಧ ತೂಗಿ ನೋಡಿದ ಹೊರಗಿನ ಇಬ್ಬರೂ ಒಳ್ಳೆಯ ಅಂಕ ಕೊಟ್ಟಿದ್ದರು. ಪುಣೆಯ ಮೇಡಂ ಭಾಷಣ ಮುಗಿಸಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ಎದ್ದು ಹೋಗುವುದಕ್ಕೆ ಆಗುವುದಿಲ್ಲ, ಇದು ನನ್ನ ಲೆಕ್ಕ. ಅಚ್ಚಿನಿಂದ ಪುಸ್ತಿಕೆ ಬಂದ ದಿನ ತೆರೆದು ನೋಡಿದರೆ ಅಲ್ಲಿ ನಾಲ್ವರು ನಿವೃತ್ತ ಮುಖ್ಯಸ್ಥರ ಹೆಸರು! ಪುಟ ತಿರುವಿದೆ, ತಿರುವಿದೆ. ಮೂರನೆಯ ದಿನ, ಮಧ್ಯಾಹ್ನದ ಊಟದ ನಂತರ, ಸಮಾರೋಪಕ್ಕೆ ಮುಂಚಿನ ಕೊನೆಯ ಗೋಷ್ಠಿಯ ಕೊನೆಯ ಹೆಸರು ನನ್ನದು. ಅಧ್ಯಕ್ಷತೆ: ಸಂಚಾಲಕರು.

ಸಮ್ಮೇಳನಗಳಿಗೆ ಹೋದವರಿಗೆ ಗೊತ್ತು, ಅದು ಎಂಥ ಹೊತ್ತೆಂದು. ಸರ್ಟಿಫಿಕೇಟು ಕೈಗೆ ಬಂದಿರುತ್ತದೆ, ಹೊಟ್ಟೆ ತುಂಬಿರುತ್ತದೆ, ಚೀಲ ಕಾಲ ಬಳಿ ಇರುತ್ತದೆ.

"ಸರ, ಇದು ಅನ್ಯಾಯ."

"ಖರೇ ಐತಿ."

"ಹಂಗಾದ್ರ ಬದಲಿ ಮಾಡ್ರಿ."

"ಅಚ್ಚಾಗಿ ಬಂದೈತಲ್ಲವಾ."

"ನಾ ನಿಮ್ಮ ಮಂದಿ ಅಂತ ತಾನ ನನ್ನ ಕೊನೀಗೆ ತಳ್ಳಿದ್ದು? ಬ್ಯಾರೇದವರಾಗಿದ್ರ ಜಗಳಾ ಮಾಡ್ತಾರಂತ ಅಂಜಿಕಿ. ನಾ ಮಾಡಾಂಗಿಲ್ಲೇನು?"

"ಮಾಡಾಕತ್ತೀಯಲ್ಲ," ಎಂದು ನಕ್ಕರು. ಆ ಕ್ಷಣ ನನ್ನ ಕಣ್ಣಿಗೆ ಅವರಷ್ಟು ಕೆಟ್ಟ ಮನುಷ್ಯ ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ.

ಮೊದಲ ದಿನ ಬಂತು. ಉದ್ಘಾಟಕರು ತಡವಾಗಿ ಬಂದರು. ಸ್ವಾಗತ ಮಾಡಿದವರು ಸ್ವಾಗತವನ್ನೇ ಭಾಷಣ ಮಾಡಿದರು. ಹಾವೇರಿಯೆಂದ ಮೇಲೆ ಏಲಕ್ಕಿ ಹಾರ ಇರಲೇಬೇಕು. ವೇದಿಕೆಯ ಮೇಲಿನ ಒಬ್ಬೊಬ್ಬರಿಗೂ ಹಾರ, ಶಾಲು, ಫೋಟೊ. ಘನ ಉಪಸ್ಥಿತಿಯವರೆಲ್ಲ ಉಪಸ್ಥಿತರಿದ್ದರು, ಎಲ್ಲರೂ ಎರಡು ಮಾತಾಡುತ್ತೇನೆ ಎಂದೇ ಶುರುಮಾಡಿದರು. ಸಭಾಂಗಣಕ್ಕೆ ಏಲಕ್ಕಿಯ ಜೊತೆ ಎಣ್ಣೆಗಾಯಿಯ ಘಮವೂ ಸೇರಿಕೊಂಡಿತು. ಪುಣೆಯ ಮೇಡಂ ತಮ್ಮ ಭಾಷಣವನ್ನು ಅರ್ಧಕ್ಕೆ ಮೊಟಕುಮಾಡಿ ಕೂತರು. ನಂತರ ಮೊದಲ ಗೋಷ್ಠಿಯ ಅಧ್ಯಕ್ಷರು ಮೈಕಿನ ಮುಂದೆ ಬಂದು, ಸಮಯದ ಅಭಾವದಿಂದ ಈ ಗೋಷ್ಠಿಯ ಪ್ರಬಂಧಗಳನ್ನು ಓದಲಾಗಿದೆಯೆಂದು ಭಾವಿಸಬೇಕು, ಎಲ್ಲರೂ ಊಟಕ್ಕೆ ದಯಮಾಡಿಸಬೇಕು ಎಂದರು.

ಓದಲಾಗಿದೆಯೆಂದು ಭಾವಿಸಲ್ಪಟ್ಟ ನಾಲ್ವರು ಹಿರಿಯರು ಎದ್ದು ನಿಂತು ತಾವೇ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಹೋಗಿ ಒಟ್ಟಿಗೆ ಫೋಟೊ ತೆಗೆಸಿಕೊಂಡರು. ಅವರ ಮುಖದಲ್ಲಿದ್ದ ನಿರಾಳವನ್ನು ನಾನು ಇವತ್ತಿಗೂ ಮರೆತಿಲ್ಲ.

ಊಟದ ಪಂಕ್ತಿಯಲ್ಲಿ ಸಂಚಾಲಕರನ್ನು ಹುಡುಕಿ ಅವರ ಎದುರಿಗೆ ಕೂತೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಏನು?"

"ಮೊದಲನೇ ಗೋಷ್ಠಿ ಸಾಯ್ತೈತಿ ಅಂತ."

"ಉದ್ಘಾಟನಿ ಆದಕೂಡ್ಲೆ ಬರೋ ಗೋಷ್ಠಿ ಎಲ್ಲೆರ ಬದುಕಿದ್ದು ನೋಡೀಯೇನು? ಅಲ್ಲಿ ಓದದಿದ್ರೂ ನಡೀತೈತಿ ಅನ್ನೋರ್ನ ಹುಡುಕಿ ಹಾಕಬೇಕು. ನಾಕು ಮಂದಿ ಸಿಕ್ಕರು."

"ಇದನ್ನ ನನಗ ಮೊದಲ ಹೇಳಬಾರದಿತ್ತೇನ್ರಿ?"

"ಹೇಳಿದ್ರ ಉದ್ಘಾಟನೀನ ತಗೀರಿ ಅಂತಿದ್ದಿ."

"ಅಂದೇ ಅಂದಿದ್ದೆನಲ್ರಿ!"

"ಅದಕ್ಕ ಹೇಳಲಿಲ್ಲ. ಹೋಳಿಗಿ ಹಾಕಿಸ್ಕೋ."

ಒಪ್ಪಿಕೊಳ್ಳುತ್ತೇನೆ, ಅದು ಬುದ್ಧಿವಂತಿಕೆಯೇ. ಆದರೆ ಆ ಬುದ್ಧಿವಂತಿಕೆ ಮೂರನೆಯ ದಿನ ಎಲ್ಲಿ ಹೋಗಿತ್ತೆಂದು ಕೇಳುವ ಹಕ್ಕು ನನಗಿದೆ.

ಗಳಗನಾಥಕ್ಕೆ ಒಂದು ಬಸ್ಸು ಗೊತ್ತುಮಾಡಿದ್ದರು. ವರದಾ ನದಿ ತುಂಗಭದ್ರೆಯನ್ನು ಸೇರುವ ಜಾಗ, ಹಳೆಯ ಗುಡಿ, ಹೊರಗಿನಿಂದ ಬಂದವರಿಗೆ ತೋರಿಸಬೇಕಾದದ್ದೇ. ಕೊನೆಯ ಗೋಷ್ಠಿ ಮುಗಿದ ಮೇಲೆ ಬಸ್ಸು, ಅಲ್ಲಿಂದ ಮರಳಿದ ಮೇಲೆ ಸಮಾರೋಪ ಎಂದು ಪುಸ್ತಿಕೆಯಲ್ಲಿ ಅಚ್ಚಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಕೆಲವರು ಬಂದು, ಕತ್ತಲಾದರೆ ನದಿ ಕಾಣಿಸುವುದಿಲ್ಲ, ಊಟವಾದ ಕೂಡಲೇ ಬಸ್ಸು ಬಿಡಿಸಿ ಎಂದರು. ಸಂಚಾಲಕರ ಬಾಯಿಂದ "ಆತ್ರಿ" ಬರುವುದರೊಳಗೆ ನಾನು ಅಡ್ಡ ಬಂದೆ.

"ಸರ, ಒಂದು, ಪುಸ್ತಿಕೆಯಾಗ ಅಚ್ಚಾಗಿದ್ದು ಬದಲಾಗೂದಿಲ್ಲ ಅಂತ ನನಗ ಹೇಳಿದವರು ನೀವು. ಎರಡು, ಬಸ್ ಬಿಟ್ಟರ ಕೊನೀ ಗೋಷ್ಠಿಗೆ ಕುರ್ಚಿ ಅಷ್ಟ ಉಳೀತಾವ. ಮೂರು, ಪುಣೆ ಮೇಡಂ ಆ ಬಸ್ ಹತ್ತಿದ್ರ ನನ್ನ ಕತಿ ಮುಗೀತು."

"ಮೂರೂ ಖರೇ ಅದಾವ," ಎಂದರು. ಫೋನು ತೆಗೆದು ಡ್ರೈವರನಿಗೆ, "ಊಟ ಆದಕೂಡ್ಲೆ ಬಿಡಪಾ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ ಹೋಗಾಂಗಿಲ್ಲ. ಅವರ ಮೊಣಕಾಲು ನೋಡೀಯೇನು, ವೇದಿಕಿ ಮೆಟ್ಟಲಾನ ಹತ್ತಾಕ ಆಗವಲ್ದು. ಅಂಥಾ ಎತ್ತರದ ಬಸ್ಸು ಹತ್ತತಾರ? ಹೋಗೋರು ಹೋಗಲಿ. ಕೇಳವರಷ್ಟ ಉಳೀತಾರ, ನಿನಗ ಚಲೋ ಆತಿಲ್ಲೋ?"

ಬಸ್ಸು ಗೇಟು ದಾಟುವಾಗ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಡ್ರೈವರನ ಹಿಂದಿನ ಮೊದಲ ಸೀಟಿನಲ್ಲಿ, ಕಿಟಕಿಯ ಪಕ್ಕ, ಪುಣೆಯ ಮೇಡಂ. ನಮ್ಮನ್ನು ನೋಡಿ ಕೈಬೀಸಿದರು. ನದಿಗಳು ಕೂಡುವ ಜಾಗ ನೋಡಬೇಕೆಂಬ ಆಸೆಗೆ ಮೊಣಕಾಲಿನ ಹಂಗಿಲ್ಲ ಎಂದು ಯಾರಿಗೆ ಗೊತ್ತಿತ್ತು?

"ಅಯ್ಯ, ಇವರ್ಯಾಕ ಹತ್ತಿದ್ರು?" ಎಂದರು ಸಂಚಾಲಕರು, ನಿಜವಾಗಿ ಬೆರಗಾಗಿ.

ನಾನು ತಿರುಗಿ ಗೋಷ್ಠಿಯ ಕೋಣೆಯ ಕಡೆ ನಡೆದೆ. ಅಲ್ಲೇ ನಿಂತಿದ್ದರೆ ಅತ್ತುಬಿಡುತ್ತಿದ್ದೆ.

ಕೊನೆಯ ಗೋಷ್ಠಿಗೆ ಉಳಿದವರು ಓದುವವರು, ಓದುವವರ ಮನೆಯವರು, ಮೈಕಿನವನು. ಸಂಚಾಲಕರು ಅಧ್ಯಕ್ಷರ ಕುರ್ಚಿಯಲ್ಲಿ ಕೂತು ತಮ್ಮ ಹಿತ್ತಾಳೆಯ ಚಿಕ್ಕ ಗಂಟೆಯನ್ನು ಮೇಜಿನ ಮೇಲಿಟ್ಟುಕೊಂಡರು. ಆ ಗಂಟೆಯ ಬಗ್ಗೆ ಹೇಳಲೇಬೇಕು. ಎಲ್ಲದಕ್ಕೂ ಹೂಂ ಎನ್ನುವ ಮನುಷ್ಯ ಇಡೀ ಲೋಕದಲ್ಲಿ ಬಗ್ಗದೆ ಇದ್ದದ್ದು ಇದೊಂದರಲ್ಲೇ. ಹದಿನೈದು ನಿಮಿಷವಾಯಿತೆಂದರೆ ಓದುತ್ತಿರುವವರು ಯಾರೇ ಇರಲಿ, ವಾಕ್ಯದ ನಡುವೆ ಇರಲಿ, ಗಂಟೆ ಬಾರಿಸುವರು. ಆಮೇಲೂ ಓದಿದರೆ ಬಾರಿಸುತ್ತಲೇ ಇರುವರು.

ನನಗಿಂತ ಮುಂಚಿನವರು ಓದಿ ಮುಗಿಸಿದರು. ನನ್ನ ಹೆಸರು ಕರೆಯುತ್ತಾರೆಂದು ಎದ್ದು ನಿಂತೆ. ಅವರು ಗಂಟೆ ಬಾರಿಸಿ, ತಾವೂ ಎದ್ದು ನಿಂತು, ಮೈಕಿನಲ್ಲಿ ಗ್ರಾಂಥಿಕವಾಗಿ ಹೇಳಿದರು. "ಈ ಗೋಷ್ಠಿಯನ್ನು ನಾಳೆ ಬೆಳಿಗ್ಗೆಗೆ ಮುಂದೂಡಲಾಗಿದೆ. ಸ್ಥಳವನ್ನು ನಂತರ ತಿಳಿಸಲಾಗುವುದು."

"ಸರ, ಇವತ್ತ ಸಮಾರೋಪ ಐತಿ! ಮುಗದ ಸಮ್ಮೇಳನದ ಗೋಷ್ಠಿ ನಾಳೆ ಹೆಂಗ ನಡೀತೈತಿ?"

"ಖರೇ ಐತಿ."

"ನಾ ಓದೇ ಓದ್ತೇನಿ. ಯಾರೂ ಕೇಳದಿದ್ರೂ ಓದ್ತೇನಿ."

ಅವರು ವೇದಿಕೆಯಿಂದಿಳಿದು ಬಂದು, ಮೈಕಿಗೆ ಕೇಳಿಸದಂತೆ ಹೇಳಿದರು. "ಓದಿದಿ ಅಂದ್ರ ಮುಗೀತವಾ. ಒಮ್ಮೆ ಓದಿದ್ದನ್ನ ಮತ್ತ ಓದಾಕ ಬರೂದಿಲ್ಲ. ಓದದ್ದನ್ನ ಎಲ್ಲಿ ಬೇಕಾದ್ರೂ ಓದಬಹುದು. ನನ್ನ ಲೆಕ್ಕ ತಪ್ಪೇತಿ. ಒಂದು ದಿನಾ ಕೊಡು ನನಗ."

ತಪ್ಪಿತು ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಗೆದ್ದ ಸಂತೋಷ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಪುಣೆಯ ಮೇಡಂ ಹಾವೇರಿಯಲ್ಲಿ ಹತ್ತಬೇಕಾಗಿದ್ದ ರೈಲನ್ನು ಬ್ಯಾಡಗಿಯಲ್ಲಿ ಹತ್ತುವುದೆಂದು ಅದು ಹೇಗೋ ಬದಲಾಗಿತ್ತು. ಬ್ಯಾಡಗಿಗೆ ಬಂದು ಮೆಣಸಿನಕಾಯಿ ಮಾರುಕಟ್ಟೆ ನೋಡದೆ ಹೋದರೆ ಏನು ಬಂತು ಎಂದು ಸಂಚಾಲಕರು ಅವರನ್ನು ಒಪ್ಪಿಸಿದ್ದರಂತೆ. ಅಣ್ಣನ ಕಾರಿನಲ್ಲಿ ಮುಂದೆ ಸಂಚಾಲಕರು, ಹಿಂದೆ ಮೇಡಂ ಮತ್ತು ನಾನು. ಮೋಟೆಬೆನ್ನೂರಿನಲ್ಲಿ ಚಹಾಕ್ಕೆ ನಿಂತಾಗ ಮೇಡಂ ಗಳಗನಾಥದ ನದಿಯ ಬಗ್ಗೆ ಮಾತಾಡಿದರು. ನಾನು ಪ್ರಬಂಧದ ಫೈಲನ್ನು ಮಡಿಲಲ್ಲಿ ಅವುಚಿಕೊಂಡು, ಈ ಮನುಷ್ಯನಿಗೆ ನಾಚಿಕೆ ಎನ್ನುವುದು ಇದೆಯೇ ಎಂದು ಯೋಚಿಸುತ್ತಿದ್ದೆ.

ಅಣ್ಣನ ಅಂಗಡಿಯಲ್ಲಿ ಹತ್ತಿಪ್ಪತ್ತು ಹೆಣ್ಣುಮಕ್ಕಳು ಕೆಂಪು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಹಮಾಲರು ಚೀಲ ಹೊತ್ತು ದಾರಿ ಬಿಡ್ರಿ ಎಂದು ಕೂಗುತ್ತ ಓಡಾಡುತ್ತಿದ್ದರು. ಘಾಟಿಗೆ ಮೇಡಂ ಕಣ್ಣಲ್ಲಿ ಆಗಲೇ ನೀರು. ಸಂಚಾಲಕರು ಎರಡು ಪ್ಲಾಸ್ಟಿಕ್ ಕುರ್ಚಿ ತರಿಸಿ, ಒಂದರಲ್ಲಿ ಅವರನ್ನು ಕೂರಿಸಿ, ಇನ್ನೊಂದರಲ್ಲಿ ತಾವು ಕೂತು, ಜೇಬಿನಿಂದ ಗಂಟೆ ತೆಗೆದು ಬಾರಿಸಿದರು.

"ನಿನ್ನೆ ಮುಂದೂಡಿದ ಕೊನೆಯ ಗೋಷ್ಠಿ ಈಗ ಮುಂದುವರಿಯುತ್ತದೆ."

ಮೇಡಂ ಸಂಚಾಲಕರನ್ನೂ ನನ್ನನ್ನೂ ನೋಡಿದರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಸುರು ಮಾಡು," ಎಂದರು.

ನಾನು ಫೈಲು ಬಿಚ್ಚಿ ಇಂಗ್ಲಿಷಿನಲ್ಲಿ ಓದತೊಡಗಿದೆ. ಎರಡು ಪ್ಯಾರಾ ಆಗಿರಬೇಕು, ರಾಶಿಯ ಆಚೆಯಿಂದ ದನಿ ಬಂತು.

"ಏನ ಓದಾಕತ್ತೈತಬೇ ಈ ಹುಡುಗಿ?"

"ನಮ್ಮದ ಸುದ್ದಿ ಅಂತ. ಆವತ್ತ ಬಂದು ಕೇಳಿ ಬರಕೊಂಡು ಹೋಗಿದ್ಲಲ್ಲ, ಆಕಿ."

"ನಮ್ಮ ಸುದ್ದಿ ನಮಗ ತಿಳೀಬಾರದಂತ ಇಂಗ್ಲೀಷಿನ್ಯಾಗ ಓದ್ತಾಳೇನು? ಬೈದಾಳ ಏನ ನೋಡು!"

ಎಲ್ಲರೂ ನಕ್ಕರು. ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕು, ಕೆಮ್ಮಿ, "ಖರೇನ ಕೇಳ್ಯಾರ. ಕನ್ನಡದಾಗ ಹೇಳು," ಎಂದರು.

ಫೈಲು ಮುಚ್ಚಿದೆ. ಬರೆದದ್ದನ್ನು ಬಿಟ್ಟು ಬಾಯಿಮಾತಿನಲ್ಲಿ ಹೇಳಹೊರಟರೆ ವಾಕ್ಯ ವಾಕ್ಯಕ್ಕೂ ಸೀನು. ಅವರಲ್ಲೊಬ್ಬರು ಎದ್ದು ಬಂದು, "ಇದನ್ನ ಬಾಯಾಗ ಇಟ್ಕೊಂಡು ಮಾತಾಡು," ಎಂದು ಬೆಲ್ಲದ ಚೂರು ಕೊಟ್ಟರು. ಬೆಲ್ಲ ದವಡೆಗೆ ಒತ್ತಿಕೊಂಡು, ಈ ಕೆಲಸವನ್ನು ಹೆಣ್ಣುಮಕ್ಕಳ ಕೈಗೇ ಏಕೆ ಕೊಡುತ್ತಾರೆ, ಇದನ್ನು ಕೌಶಲವೆಂದು ಏಕೆ ಯಾರೂ ಎಣಿಸುವುದಿಲ್ಲ ಎಂದು ಒಂದೊಂದಾಗಿ ಹೇಳಿದೆ. ನಡುನಡುವೆ ಆ ಹೆಣ್ಣುಮಕ್ಕಳು ಹೂಂ ಎಂದರು, ಹಂಗಲ್ಲವಾ ಎಂದರು, ಒಬ್ಬರಿಗೊಬ್ಬರು ಚೇಷ್ಟೆ ಮಾಡಿದರು. ಜೀವನದಲ್ಲಿ ನಾನು ಅಷ್ಟು ಚೆನ್ನಾಗಿ ಎಲ್ಲೂ ಮಾತಾಡಿರಲಿಲ್ಲ. ಎಲ್ಲವನ್ನೂ ಕಟ್ಟಿ ನಿಲ್ಲಿಸುವ ಸಮಾರೋಪದ ಮಾತಿಗೆ ಬಂದೆ. ಅದನ್ನು ತಿಂಗಳುಗಟ್ಟಲೆ ತಿದ್ದಿದ್ದೆ. ಉಸಿರು ತೆಗೆದುಕೊಂಡು, "ಆದ್ದರಿಂದ," ಎಂದೆ.

ಗಂಟೆ ಬಡಿಯಿತು.

"ಸರ!"

"ಟೈಮ್ ಆತು."

"ಮುಗಸಲಿ ಬಿಡ್ರಿ," ಎಂದರು ಮೇಡಂ.

"ಇಲ್ರಿ. ಎಲ್ಲಾರಿಗೂ ಅಷ್ಟ ಕೊಟ್ಟೇನಿ. ಈಕಿಗಿ ಹೆಚ್ಚು ಕೊಟ್ಟರ ನಾಳೆ ಮಂದಿ ಕೇಳತಾರ."

"ಯಾವ ಮಂದಿ ಸರ? ಸಮ್ಮೇಳನಾನ ಮುಗದು ಹೋಗೇತಿ!"

"ಖರೇ ಐತಿ," ಎಂದರು. ಮತ್ತೊಮ್ಮೆ ಬಾರಿಸಿದರು. "ಪ್ರಶ್ನೆಗಳಿಗೆ ಅವಕಾಶವಿದೆ."

ಮೇಡಂ ನನ್ನ ಕಡೆ ಬಾಗಿ ಕೇಳಿದರು. "ನೀ ಚರ್ಚಾಸ್ಪರ್ಧೆಯವಳು ಅಂತ ಇವರು ಹೇಳ್ಯಾರ. ನಿನ್ನ ವಿರುದ್ಧ ನೀನ ನಿಂತರ ಎಲ್ಲಿ ಹೊಡಿತಿ?"

ಬರೆದ ಸಮಾರೋಪ ಕೈಯಲ್ಲಿದ್ದಿದ್ದರೆ ಅದರ ಹಿಂದೆ ಅಡಗುತ್ತಿದ್ದೆನೇನೋ. ಅದು ಹೋಗಿತ್ತು. ಹೇಳಿದೆ. ನಾನು ಮಾತಾಡಿಸಿದ್ದು ಇಲ್ಲಿ, ಅಂಗಡಿಗೆ ಬಂದು ಕೂರುವವರನ್ನು ಮಾತ್ರ. ಚೀಲವನ್ನು ಮನೆಗೆ ಒಯ್ದು ಅಡುಗೆ, ಮಕ್ಕಳ ನಡುವೆ ತೊಟ್ಟು ಬಿಡಿಸುವವರ ಹತ್ತಿರ ನಾನು ಹೋಗಿಯೇ ಇಲ್ಲ. ಅವರನ್ನು ಸೇರಿಸಿದರೆ ನನ್ನ ಅರ್ಧ ವಾದ ನಿಲ್ಲುವುದಿಲ್ಲ.

"ಅಲ್ಲಿಂದ ಸುರು ಮಾಡು," ಎಂದರು ಮೇಡಂ. ರೈಲು ಹತ್ತುವಾಗ ಅದಕ್ಕೆ ಇನ್ನೊಂದು ಮಾತು ಸೇರಿಸಿದರು. "ಮಳಿಗಾಲದಾಗ ಪುಣೆಕ್ಕ ಬಾ."

ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೇಳಿದೆ. "ಆ ಪ್ರಶ್ನೆ ಬರಲೆಂತನ ಗಂಟಿ ಬಾರಿಸಿದಿರೇನು?"

"ಇಲ್ಲವ್ವಾ. ಹದಿನೈದು ನಿಮಿಷ ಆಗಿತ್ತು."

ಅದು ನಿಜವೆಂದೇ ನನ್ನ ನಂಬಿಕೆ. ಅವರನ್ನು ದೊಡ್ಡವರನ್ನಾಗಿ ಮಾಡಲು ಇಲ್ಲದ ಜಾಣತನವನ್ನು ಹಚ್ಚಿ ಹೇಳುವುದು ನನ್ನಿಂದಾಗದು.

ನಾನು ಪುಣೆಗೆ ಹೋದೆ. ಅಧ್ಯಾಯ ಬರೆದಾಗಲೆಲ್ಲ ಅಂಚೆಯಲ್ಲಿ ಅವರಿಗೆ ಕಳಿಸುತ್ತಿದ್ದೆ. ಗೀರು ಬಿದ್ದು, ಘಾಟು ಹತ್ತಿ ಅವು ಮರಳಿ ಬರುತ್ತಿದ್ದವು. ಅವರು ನಿವೃತ್ತರಾದರು. ಎದೆಯ ತೊಂದರೆ ಎಂದು ಕೇಳಿದೆ. ಫೋನು ಮಾಡಿದರೆ, "ಡಾಕ್ಟರು ಖಾರ ಬಿಡಂದಾರ, ಖರೇ ಐತಿ ಅಂದೇನಿ," ಎಂದು ನಕ್ಕರು. ಬಿಟ್ಟಿರಲಿಲ್ಲವೆಂದು ಬೇರೆ ಹೇಳಬೇಕೇ? ಕೊನೆಗೆ ಕಳಿಸಿದ ಅಧ್ಯಾಯ ಮರಳಿ ಬರಲಿಲ್ಲ. ಸುದ್ದಿ ಬಂತು.

ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಪುಣೆಯಿಂದ ಬಂದವಳೆಂದು ನನಗೆ ಮೊದಲೇ ಮಾತಾಡಲು ಹೇಳಿದರು. ಬೇಡ, ಕೊನೆಗೆ ಹಾಕಿ ಎಂದೆ. ಸಭೆ ಇಟ್ಟವರನ್ನು ಒಪ್ಪಿಸಲು ಐದು ನಿಮಿಷ ವಾದ ಮಾಡಬೇಕಾಯಿತು. ಸಾನ್ನಿಧ್ಯ, ಅಧ್ಯಕ್ಷತೆ, ಉಪಸ್ಥಿತಿ ಎಲ್ಲವೂ ಇತ್ತು. ಒಬ್ಬೊಬ್ಬರೂ ಎರಡು ಮಾತೆಂದು ಶುರುಮಾಡಿ ತಮ್ಮ ಬಗ್ಗೆಯೇ ಬಹಳ ಹೊತ್ತು ಮಾತಾಡಿದರು. ಹೊರಗೆ ಚಹಾ ಬಂತು, ಜನ ಎದ್ದು ಹೋದರು. ನನ್ನ ಸರದಿ ಬಂದಾಗ ಖಾಲಿ ಕುರ್ಚಿಗಳು, ಆಫೀಸಿನ ಅಕ್ಕ, ಸಂಚಾಲಕರ ಅಣ್ಣ, ಮೈಕಿನವನು. ಫೋಟೊದ ಮುಂದೆ ಯಾರೋ ಆ ಹಿತ್ತಾಳೆಯ ಗಂಟೆಯನ್ನು ಇಟ್ಟಿದ್ದರು.

ಮೊದಲು ಗಳಗನಾಥದ ಬಸ್ಸಿನ ವಿಷಯ ತೆಗೆದೆ. ಆ ಬಸ್ಸು ಬಿಟ್ಟದ್ದು ತಪ್ಪು, ಅಂದೇ ಹೇಳಿದ್ದೆ ಎಂದೆ. ಒಂದು, ಎರಡು, ಮೂರು ಎಂದು ಕಾರಣಗಳನ್ನೂ ಕೊಟ್ಟೆ. ಹೇಳಬೇಕಾದದ್ದು ಇನ್ನೂ ಬಹಳವಿತ್ತು. ಇಷ್ಟೇ ಹೊತ್ತು ಮಾತಾಡು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ, ಸಂಜೆಯವರೆಗೂ ಮಾತಾಡಬಹುದಿತ್ತು. ಮೂರನೆಯ ಕಾರಣ ಹೇಳಿ, ಅಭ್ಯಾಸಬಲದಿಂದ, "ಖರೇ ಐತಿ" ಎಂಬ ಮಾತಿಗಾಗಿ ಒಂದು ಕ್ಷಣ ನಿಂತೆ.

ಅಲ್ಲಿಂದ ಮುಂದೆ ನನಗೆ ಮಾತು ಹೊರಡಲಿಲ್ಲ. ಹದಿನೈದು ನಿಮಿಷ ಇನ್ನೂ ಆಗಿರಲಿಲ್ಲ.